ಪ್ರಶ್ನೆಗೆ ಮುನಿಯುವವನು ಗುರುವಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ. ಹಿಂದಿನ ಸಂಚಿಕೆಯನ್ನು ಕೇಳಿದ ಒಬ್ಬರು, ಗುರುವನ್ನು ಪ್ರಶ್ನಿಸುವವನು ಶಿಷ್ಯನೇ ಅಲ್ಲ, ಅವನು ಅಹಂಕಾರಿ ಎಂದು ಬರೆದಿದ್ದಾರೆ. ಭಕ್ತಿಯ ಹೆಸರಿನಲ್ಲಿ ಇಂಥ ಮಾತನ್ನು ಆಡುವುದು ನನಗೆ ಸಹಿಸಲಾಗದ ಸಂಗತಿ. ಪ್ರಶ್ನೆಗೆ ಮುನಿಯುವವನು ಗುರುವಲ್ಲ. ಇಂದು ನಾನು ಹೇಳಬೇಕಾದದ್ದು ಇದೊಂದೇ.

ಉಡುಪಿಯಲ್ಲಿ ಅಚ್ಯುತಪ್ರೇಕ್ಷರು ತಾವೇ ಸಂನ್ಯಾಸ ಕೊಟ್ಟ ಎಳೆಯ ಶಿಷ್ಯನಿಗೆ ‘ಇಷ್ಟಸಿದ್ಧಿ’ ಎಂಬ ಅದ್ವೈತ ಗ್ರಂಥದ ಪಾಠವನ್ನು ತೊಡಗಿದಾಗ, ಆ ಶಿಷ್ಯ ಮೊದಲ ಪದ್ಯದಲ್ಲಿಯೇ 32 ದೋಷಗಳನ್ನು ಎತ್ತಿ ತೋರಿಸಿದನೆಂದು ಮಾಧ್ವ ಸಂಪ್ರದಾಯ ಹೇಳುತ್ತದೆ. ಆ ಶಿಷ್ಯರೇ ಮಧ್ವಾಚಾರ್ಯರು. ಗುರುಗಳು ಅವರನ್ನು ಹೊರಗಟ್ಟಲಿಲ್ಲ. ವೇದಾಂತ ಪೀಠದಲ್ಲಿ ಕೂರಿಸಿದರು, ಅವರೊಡನೆ ವಾದಿಸಿದರು, ಕೊನೆಗೆ ಶಿಷ್ಯನ ಸಿದ್ಧಾಂತವನ್ನೇ ಒಪ್ಪಿಕೊಂಡರು. ತನ್ನ ಪಾಠದಲ್ಲಿ ತಪ್ಪು ಹುಡುಕಿದವನನ್ನು ಪೀಠಕ್ಕೇರಿಸಬೇಕಾದರೆ ಎಂಥ ಎದೆ ಬೇಕು, ಯೋಚಿಸಿ!

‘ಗುರುವಿನ ಗುಲಾಮನಾಗುವ ತನಕ’ ಎಂದು ಪುರಂದರದಾಸರೇ ಹಾಡಿಲ್ಲವೇ ಎಂದು ಕೇಳುವವರಿದ್ದಾರೆ. ಹಾಡಿದ್ದಾರೆ. ಆದರೆ ದಾಸರ ಗುರುಗಳು ಯಾರು? ‘ನ್ಯಾಯಾಮೃತ’, ‘ತರ್ಕತಾಂಡವ’ ಎಂಬ ವಾದಗ್ರಂಥಗಳನ್ನು ಬರೆದ ವ್ಯಾಸರಾಯರು, ಎದುರು ಪಕ್ಷದ ಒಂದೊಂದು ಆಕ್ಷೇಪವನ್ನೂ ಮುಂದಿಟ್ಟುಕೊಂಡು ಉತ್ತರ ಕೊಟ್ಟವರು. ಅಂಥವರ ಮುಂದೆ ತಲೆಬಾಗುವುದಕ್ಕೂ, ಬಾಯಿ ಮುಚ್ಚೆನ್ನುವವನ ಕಾಲಿಗೆ ಬೀಳುವುದಕ್ಕೂ ಹೋಲಿಕೆಯೇ ಇಲ್ಲ.

ಶಿಷ್ಯನಿಗೂ ಕರ್ತವ್ಯವಿದೆ, ಒಪ್ಪುತ್ತೇನೆ. ಗೀತೆಯ ನಾಲ್ಕನೆಯ ಅಧ್ಯಾಯ ಜ್ಞಾನಿಗಳ ಬಳಿಗೆ ಹೋಗುವವನಿಗೆ ನಮಸ್ಕಾರ, ಪ್ರಶ್ನೆ, ಸೇವೆ ಮೂರನ್ನೂ ಒಟ್ಟಿಗೆ ವಿಧಿಸುತ್ತದೆ. ಸೇವೆಯಿಲ್ಲದ ಪ್ರಶ್ನೆ ಬರಿಯ ಜಗಳವಾಗುತ್ತದೆ. ಆದರೆ ನಮಸ್ಕಾರವನ್ನೂ ಸೇವೆಯನ್ನೂ ಉಳಿಸಿಕೊಂಡು ನಡುವಿನ ಪ್ರಶ್ನೆಯನ್ನು ಮಾತ್ರ ಕಿತ್ತುಹಾಕುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು? ಹದಿನೆಂಟು ಅಧ್ಯಾಯ ಬೋಧಿಸಿದ ಶ್ರೀಕೃಷ್ಣನೇ ಕೊನೆಯಲ್ಲಿ ಅರ್ಜುನನಿಗೆ, ಇದೆಲ್ಲವನ್ನೂ ಪೂರ್ತಿಯಾಗಿ ವಿಮರ್ಶಿಸಿ ನಿನ್ನ ಇಷ್ಟದಂತೆ ಮಾಡು ಎಂದ. ಭಗವಂತನೇ ಹಾಗೆ ಬಿಟ್ಟುಕೊಟ್ಟ ಮೇಲೆ, ಭಕ್ತರ ಸಂದೇಹಕ್ಕೆ ಶಾಪದ ಬೆದರಿಕೆ ಹಾಕುವವರನ್ನು ನಾನು ಗುರುವೆನ್ನಲಾರೆ. ಎನ್ನುವುದೇ ಇಲ್ಲ. ಎಷ್ಟು ಜನ ಬೈದರೂ ಎನ್ನುವುದಿಲ್ಲ.

ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ದಯವಿಟ್ಟು ಆಗಿ. ಗುರುಗಳಿಂದ ಪಡೆದ ರಹಸ್ಯ ಮಂತ್ರವನ್ನು ತಮಿಳುನಾಡಿನ ತಿರುಕ್ಕೋಷ್ಟಿಯೂರಿನಲ್ಲಿ ಎಲ್ಲರಿಗೂ ಕೂಗಿ ಹೇಳಿದರೆನ್ನುವ ರಾಮಾನುಜರ ಕಥೆಯನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ. ನನಗೆ ಬರೆದ ಆ ಮಹನೀಯರು ಅದನ್ನೂ ತಪ್ಪದೆ ಕೇಳಬೇಕು.