ಖಾಲಿ ಪಾತಿಗೆ ಗುದ್ದಲಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ.

ಕೈತೋಟದ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಮೊದಲು ಕೇಳಿದ್ದು, ಯಾವ ತಿಂಗಳಲ್ಲಿ ಅಂತ. ಏಪ್ರಿಲ್ ಅಂದರು. ತಕ್ಷಣ ಒಪ್ಪಿಕೊಂಡೆ. ಯುಗಾದಿ ಕಳೆದು ಮಳೆ ಹಿಡಿಯುವವರೆಗಿನ ಈ ದಿನಗಳಲ್ಲೇ ನಾವು ತೋಟದಲ್ಲಿ ಜಾಸ್ತಿ ತಪ್ಪು ಮಾಡುವುದು. ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ನನ್ನ ತವರು ಸಕಲೇಶಪುರದ ಕಡೆ. ಇಲ್ಲಿಂದ 40 ಕಿಲೋಮೀಟರ್ ದೂರ ಅಷ್ಟೆ. ಆದರೆ ಮಳೆಯ ಲೆಕ್ಕದಲ್ಲಿ ಅದು ಬೇರೆಯೇ ಊರು. ಮದುವೆಯಾಗಿ ಹಾಸನಕ್ಕೆ ಬಂದೆ. ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಉಳಿದಿದ್ದು ಪಕ್ಕದಲ್ಲೊಂದು ಪಟ್ಟಿ, ಹಿತ್ತಲಲ್ಲೊಂದು ಚೂರು. ಅಮ್ಮ ಒಂದು ಸಲ ಮಣ್ಣು ಮೆತ್ತಿದ ಗೆಡ್ಡೆ ಕೊಟ್ಟು, 'ಮೂಲೇಲಿ ಹುಗಿದು ಮರೆತುಬಿಡು' ಅಂದರು. ನೆಲಸಂಪಿಗೆ. ನಾನೋ, ಹೇಳಿದ ಮಾತು ಕೇಳುವ ಮಗಳು. ಪೂರ್ತಿ ಮರೆತುಬಿಟ್ಟೆ.

ಮಳೆಗಾಲದಲ್ಲಿ ಎಲೆ ಬಂತು. ಚಳಿಯಲ್ಲಿ ಒಣಗಿ ಮಾಯವಾಯಿತು. ಬೇಸಿಗೆ ಹೊತ್ತಿಗೆ ಆ ಮೂಲೆ ಬೋಳು. ಸುಮ್ನೆ ಬಿದ್ದಿದೆಯಲ್ಲ, ಕೊತ್ತಂಬರಿ ಬಿತ್ತೋಣ ಅಂತ ಗುದ್ದಲಿ ಹಾಕಿದೆ. ಎರಡನೇ ಏಟಿಗೇ ಕಚಕ್ ಅಂದಿತು. ಬಗ್ಗಿ ನೋಡಿದರೆ ಗೆಡ್ಡೆ ಎರಡು ಹೋಳು. ಒಂದು ಹೋಳಿನ ತುದಿಯಲ್ಲಿ, ಮಣ್ಣಿನೊಳಗೇ, ಮೊಗ್ಗು. ಇನ್ನೊಂದು ವಾರ ತಡೆದಿದ್ದರೆ ಹೂವಾಗುತ್ತಿತ್ತು.

ನೆಲಸಂಪಿಗೆ ನೋಡದವರಿಗೆ ಒಂದು ಮಾತು. ಇದು ಶುಂಠಿ, ಅರಿಶಿನದ ಕುಲದ ಗಿಡ. ಮರದ ಸಂಪಿಗೆಗೂ ಇದಕ್ಕೂ ನಂಟಿಲ್ಲ. ಕಾಂಡವಿಲ್ಲ, ಎಲೆಯಿಲ್ಲ, ಸುಡುವ ನೆಲ ಸೀಳಿಕೊಂಡು ಬಿಳಿ ಮತ್ತು ನೇರಳೆ ಬಣ್ಣದ ಹೂವು ಮಾತ್ರ ಏಳುತ್ತದೆ. ಎಲೆ ಆಮೇಲೆ. ನೋಡಿದವರು ಯಾರೋ ಹೂ ಕಿತ್ತು ನೆಲಕ್ಕೆ ಸಿಕ್ಕಿಸಿದ್ದಾರೆ ಅಂದುಕೊಳ್ಳಬೇಕು. ಪರಿಮಳ ಬೇಕಾದರೆ ಮಂಡಿಯೂರಿ ಮೂಗು ನೆಲಕ್ಕಿಡಬೇಕು. ನನ್ನ ವಯಸ್ಸಿಗೆ ಅದು ಸುಲಭವಲ್ಲ, ಆದರೂ ಮಾಡುತ್ತೇನೆ.

ಪುಸ್ತಕದಲ್ಲಿ ವಸಂತ ಅಂದರೆ ಚೈತ್ರ, ವೈಶಾಖ. ಹೊಂಗೆ ಚಿಗುರುತ್ತದೆ, ಮಾವು ಕಾಯಿ ಕಟ್ಟುತ್ತದೆ. ಮರಗಳಿಗೆ ಇದು ಸರಿ, ಅವುಗಳ ಬೇರು ಆಳದ ನೀರು ಹುಡುಕಿಕೊಳ್ಳುತ್ತದೆ. ನಮ್ಮ ಹಿತ್ತಲಿನ ಗೆಡ್ಡೆ, ಬಳ್ಳಿ, ಸೊಪ್ಪಿನ ಕ್ಯಾಲೆಂಡರ್ ಬೇರೆ. ಚಳಿ ದೇಶದ ಗಿಡಗಳು ಚಳಿಗೆ ಮಲಗುತ್ತವೆ. ಇವು ನೀರಿಲ್ಲದೆ ಮಲಗುತ್ತವೆ. ಎಬ್ಬಿಸುವುದು ಮಳೆ. ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಹಿರಿಯರು ನಕ್ಷತ್ರ ಹಿಡಿದು ಮಳೆಯ ಲೆಕ್ಕ ಹಾಕುತ್ತಿದ್ದುದು ಅದಕ್ಕೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆ ನಿಮಗೆಲ್ಲ ಗೊತ್ತು. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಭರಣಿ.

ಕಾಫಿ ತೋಟ ನೋಡಿದವರಿಗೆ ಇದು ಕಣ್ಣೆದುರಿನ ಸಂಗತಿ. ಮೊಗ್ಗು ಎಲೆಯ ಬುಡದಲ್ಲಿ ಮೊದಲೇ ಕಟ್ಟಿರುತ್ತದೆ. ಬೆಳೆಯದೆ ಹಾಗೇ ಕೂತಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಎರಡು ಮೂರು ದಿನದಲ್ಲಿ ಆ ಹೂವು ಬಾಡುತ್ತದೆ. ಅದಕ್ಕೇ ಅದು ಹೂ ಮಳೆ. ಆ ವಾರ ತೋಟದವರಿಗೆ ಫೋನ್ ಮಾಡಿದರೆ 'ಚೆನ್ನಾಗಿದ್ದೀರಾ' ಅನ್ನುವ ಮೊದಲು 'ನಿಮಗೆ ಎಷ್ಟು ಸೆಂಟ್ ಬಿತ್ತು?' ಅಂತ ಕೇಳುತ್ತಾರೆ. ಇಂಚಿನ ನೂರನೇ ಒಂದು ಪಾಲು ಅವರಿಗೆ ಒಂದು ಸೆಂಟ್. ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ನಮ್ಮ ಸೈಟಿನವರಿಗೆ ಆ ಯೋಗವಿಲ್ಲ. ನಲ್ಲಿ ನೀರು ಬರುವುದೇ ಹಬ್ಬ.

ಹಾಗಾದರೆ ಈಗ ಏನು ಮಾಡಬೇಕು? ಹೆಚ್ಚಾಗಿ, ಏನೂ ಮಾಡಬಾರದು. ಗುರುತು ಮಾತ್ರ ಇಡಿ. ಎಲೆ ಒಣಗುವಾಗಲೇ ಆ ಜಾಗಕ್ಕೆ ಒಂದು ಕಡ್ಡಿ ನೆಡಿ. ನಾನು ಮುರಿದ ಪ್ಲಾಸ್ಟಿಕ್ ಚಮಚ ಚುಚ್ಚುತ್ತೇನೆ. ಚಂದ ಕಾಣುವುದಿಲ್ಲ, ಆದರೆ ಗೆಡ್ಡೆ ಉಳಿಯುತ್ತದೆ. ಮೇ ಫ್ಲವರ್ ಅನ್ನುತ್ತೇವಲ್ಲ, ಕೆಂಪು ಚೆಂಡಿನಂಥ ಫುಟ್‌ಬಾಲ್ ಲಿಲ್ಲಿ, ಅದೂ ಹೀಗೇ. ಪಾಪ ಒಣಗಿದೆ ಅಂತ ದಿನಾ ನೀರು ಹಾಕಿದರೆ ಮಲಗಿದ ಗೆಡ್ಡೆ ಕೊಳೆಯುತ್ತದೆ.

ಒಣಗಿದ ಎಲೆಯನ್ನು ಗುಡಿಸಿ ಬೆಂಕಿ ಹಾಕಬೇಡಿ. ಇವತ್ತು ಇಲ್ಲಿಗೆ ಬರುವಾಗ ಎರಡು ಕಡೆ ಹೊಗೆ ನೋಡಿದೆ. ಮೊದಲ ಮಳೆಗೆ ಮಣ್ಣಿನ ವಾಸನೆ ಬರುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಅನ್ನುವ ವಸ್ತುವಿನದು. ಮಣ್ಣಿನ ಸಣ್ಣ ಜೀವಿಗಳು ಮಾಡುವ ಅಡುಗೆ ಅದು. ಅವುಗಳಿಗೆ ಊಟ ಈ ತರಗೆಲೆಯೇ. ಊಟ ಸುಟ್ಟುಬಿಟ್ಟು ಆಮೇಲೆ ಅಂಗಡಿಯಿಂದ ಗೊಬ್ಬರದ ಮೂಟೆ ತರುತ್ತೇವೆ. ನನಗೆ ಇದು ಅರ್ಥವಾಗುವುದಿಲ್ಲ.

ಈಗ ಡೇರೆ ಹೂವಿಗೆ ಬರುತ್ತೇನೆ. ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ, ಮಲೆನಾಡಿನ ಹೆಂಗಸರಿಗೆ ಇದು ದೌರ್ಬಲ್ಯ. ಡೇರೆಯ ಮೂಲ ಮೆಕ್ಸಿಕೋ. ನಮ್ಮ ಕಡೆ ಅಂಗಳದಲ್ಲಿ ನೋಡಿದರೆ ಯಾರೂ ನಂಬುವುದಿಲ್ಲ, ಅಷ್ಟು ಮನೆಮಗಳಾಗಿದೆ. ಮಳೆಗಾಲಕ್ಕೆ ಮೊದಲು ಗೆಡ್ಡೆ ಹೂಳಬೇಕು. 'ಅಕ್ಕಾ, ನೀವು ಕೊಟ್ಟ ಗೆಡ್ಡೆ ಮೊಳೆಯಲೇ ಇಲ್ಲ' ಅಂತ ಇಲ್ಲಿಯವರು ಹೇಳುತ್ತಿದ್ದರು. ನನಗೆ ಬೇಜಾರು, ನಾನು ಕೊಟ್ಟಿದ್ದು ಒಳ್ಳೆ ಗೆಡ್ಡೆಯೇ. ಆಮೇಲೆ ಹೊಳೆಯಿತು. ಹಾಸನದವರು ಆಲೂಗೆಡ್ಡೆ ಬೆಳೆದ ಕೈ! ಆಲೂಗೆಡ್ಡೆಗೆ ಮೈತುಂಬ ಕಣ್ಣು. ಕಣ್ಣಿರುವ ಹೋಳು ನೋಡಿ ಕತ್ತರಿಸಿ ನೆಟ್ಟರಾಯಿತು. ಡೇರೆಗೆ ಹಾಗಲ್ಲ. ಆಲೂಗೆಡ್ಡೆ ನಿಜಕ್ಕೂ ಉಬ್ಬಿದ ಕಾಂಡ. ಡೇರೆ ಗೆಡ್ಡೆ ಉಬ್ಬಿದ ಬೇರು. ಅದರ ಮೈಯಲ್ಲಿ ಕಣ್ಣಿಲ್ಲ. ಕಣ್ಣಿರುವುದು ಕುತ್ತಿಗೆಯ ಹತ್ತಿರ, ಹಳೆ ಕಾಂಡಕ್ಕೆ ಅಂಟಿಕೊಂಡ ಕಡೆ. ಹಳೆ ಕಾಂಡದ ಚೂರು ಅಂಟಿಕೊಂಡೇ ಇರುವ ಹಾಗೆ ಬಿಡಿಸಬೇಕು. ಕುತ್ತಿಗೆ ಮುರಿದರೆ ಎಷ್ಟೇ ದಪ್ಪ ಗೆಡ್ಡೆಯಾದರೂ ಮೊಳಕೆ ಬರುವುದಿಲ್ಲ. ಪಾಪ, ನನ್ನ ಗೆಡ್ಡೆಗಳನ್ನು ಎಲ್ಲರೂ ನೀಟಾಗಿ ಕತ್ತರಿಸಿ ನೆಟ್ಟಿದ್ದರು.

ಇನ್ನು ಮದ್ದಿನ ಗಿಡ. ಅಮೃತಬಳ್ಳಿ ಬೇಸಿಗೆಯಲ್ಲಿ ಎಲೆ ಉದುರಿಸಿ ಒಣ ಹಗ್ಗದ ಹಾಗೆ ಜೋತುಬೀಳುತ್ತದೆ. ಸತ್ತಿದೆ ಅಂತ ಕತ್ತರಿಸುವ ಮೊದಲು ಉಗುರಲ್ಲಿ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬಿಡಿ. ಮಳೆಗೆ ಹೃದಯದಾಕಾರದ ಎಲೆ ತಾನಾಗಿ ಬರುತ್ತದೆ. ಇದನ್ನು ಕಷಾಯ ಮಾಡಿ ದಿನಾ ಕುಡಿಯುವುದು ಮಾತ್ರ ವೈದ್ಯರನ್ನು ಕೇಳಿಯೇ. ನನ್ನನ್ನು ಕೇಳಬೇಡಿ.

ಒಂದೆಲಗಕ್ಕೆ ನಿದ್ದೆಯಿಲ್ಲ, ಅದಕ್ಕೆ ಸದಾ ತೇವ ಬೇಕು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಒಂದು ಬಳ್ಳಿ ಊರಿದರೆ ಸಾಕು, ನೆಲದ ಮೇಲೆ ಹರಿದು ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆ. ಸೋಪು ನೀರು ಬೀಳದ ಹಾಗೆ ನೋಡಿಕೊಳ್ಳಿ, ತಿನ್ನುವವರು ನಾವೇ. ಬ್ರಾಹ್ಮಿ ಅಂತ ಇದನ್ನೂ ಕರೆಯುತ್ತಾರೆ, ನೀರುಬ್ರಾಹ್ಮಿಯನ್ನೂ ಕರೆಯುತ್ತಾರೆ. ಎರಡೂ ಬೇರೆ ಗಿಡ. ನರ್ಸರಿಯಲ್ಲಿ ಎಲೆ ನೋಡಿ ತನ್ನಿ, ಹೆಸರು ಕೇಳಿ ತರಬೇಡಿ. ದೊಡ್ಡಪತ್ರೆ ಇದಕ್ಕೆ ಉಲ್ಟಾ. ನೀರು ಜಾಸ್ತಿಯಾದರೆ ಕಾಂಡ ಕೊಳೆಯುತ್ತದೆ. ಎರಡಕ್ಕೂ ತಂಬುಳಿ ಒಂದೇ ರೀತಿ. ತುಪ್ಪದಲ್ಲಿ ಜೀರಿಗೆ, ಮೆಣಸು, ಎಲೆ ಬಾಡಿಸಿ, ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸುವುದು.

ಮಲ್ಲಿಗೆ ಬಗ್ಗೆ ಕೇಳೇ ಕೇಳುತ್ತೀರಿ. ಈಗ ಕತ್ತರಿ ಹಿಡಿಯಬೇಡಿ. ಅದು ಡಿಸೆಂಬರ್, ಜನವರಿಯ ಕೆಲಸ. ಆಗ ಸವರಿದವರು ಈಗ ಮುಡಿಯುತ್ತಿದ್ದಾರೆ.

ಗೆಡ್ಡೆಯ ಪಾಠ ಅಮ್ಮನಿಂದ ಕಲಿತೆ. ಕಳೆಯ ಪಾಠ ಕಲಿಸಿದ್ದು ಅತ್ತೆ. ಅವರು ಹಾಸನದ ಬಯಲಿನ ಕಡೆಯವರು. ಮಳೆ ಬಿದ್ದ ಎರಡು ವಾರಕ್ಕೆ ಹಿತ್ತಲೆಲ್ಲ ಏನೇನೋ ಹುಟ್ಟಿಕೊಂಡಿತ್ತು. ನಾನು ಕೀಳಲು ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನಾನು ಕಿತ್ತು ಎಸೆದದ್ದನ್ನೆಲ್ಲ ಆರಿಸಿ ಮಡಿಲಿಗೆ ಹಾಕಿಕೊಂಡರು. 'ಇದು ಗಣಿಕೆ, ಇದು ಅಣ್ಣೆ, ಇದು ಹೊನಗೊನ್ನೆ. ನೀನು ಎಸೀತಿರೋದು ಮಧ್ಯಾಹ್ನದ ಸಾರು ಕಣಮ್ಮಾ.' ಆ ದಿನ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ. ಈಗ ನಾನು ಮೊದಲ ಮಳೆಯಾದ ಮೇಲೆ ಮೂರು ವಾರ ಕಳೆ ಕೀಳುವುದಿಲ್ಲ. ನಾಲ್ಕೆಲೆ ಬರಲಿ, ಮುಖ ಗೊತ್ತಾಗಲಿ ಅಂತ ಬಿಡುತ್ತೇನೆ. ಪಾರ್ಥೇನಿಯಂ ಒಂದನ್ನು ಮಾತ್ರ ಕಂಡ ಕೂಡಲೇ, ಹೂ ಬಿಡುವ ಮೊದಲೇ, ಬೇರು ಸಮೇತ. ಅದರಲ್ಲಿ ದಾಕ್ಷಿಣ್ಯವಿಲ್ಲ. ಗುರುತು ಸಿಗದ ಸೊಪ್ಪನ್ನು ತಿನ್ನಲು ಹೋಗಬೇಡಿ, ನಿಮ್ಮ ಮನೆಯ ಹಿರಿಯರಿಗೆ ತೋರಿಸಿ.

ನೆಲಸಂಪಿಗೆ ಏನಾಯಿತು ಅಂತ ಮುಂದಿನ ಸಾಲಿನವರು ಆಗಲೇ ಕೇಳಿದರು. ಎರಡೂ ಹೋಳು ಮತ್ತೆ ಹೂತೆ. ಒಂದು ಕೊಳೆಯಿತು. ಇನ್ನೊಂದು ಆ ವರ್ಷ ಹೂ ಬಿಡಲಿಲ್ಲ, ಎಲೆ ಬಿಟ್ಟಿತು. ಮುಂದಿನ ವರ್ಷವೂ ಎಲೆಯೇ. ಮೂರನೇ ಏಪ್ರಿಲ್‌ನಲ್ಲಿ ಚಮಚದ ಪಕ್ಕ ಎರಡು ಹೂ. ಅಮ್ಮನಿಗೆ ಫೋನ್ ಮಾಡಿದೆ. 'ಮತ್ತೆ ಅಗೆದೆಯಾ?' ಅಂದರು.

ಬಾಗಿಲ ಹತ್ತಿರ ಬುಟ್ಟಿಯಲ್ಲಿ ಡೇರೆ ಗೆಡ್ಡೆ ಇಟ್ಟಿದ್ದೇನೆ. ಹೋಗುವಾಗ ಒಂದೊಂದು ತಗೊಳ್ಳಿ. ದಪ್ಪದ್ದು ಹುಡುಕಬೇಡಿ, ಕುತ್ತಿಗೆ ನೋಡಿ ತಗೊಳ್ಳಿ.