ಲಗ್ನದ ಸೀಸನ್ನಿಗೆ ಮುಂಚೆ ಕಾಕಾನ ಹುಲ್ಲಿನ ಗಾಡಿ

ಇಗೋ, ತಾಡಪತ್ರಿ ಸರಿಸಿದೆ. ಇದು ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ. ನಮ್ಮ ಕಾಕಾ ಬೆಳಗಾವಿಯ ಹೊರಗೆ ಹೆದ್ದಾರಿಯ ಪಕ್ಕ ಮದುವೆಗಳಿಗೆ ಬಾಡಿಗೆ ಕೊಡುವ ಲಾನ್ ನಡೆಸುತ್ತಾರೆ. ಯಾರದೋ ಬಂಗಲೆಯ ಸಾಮಾನು ಹರಾಜಾದಾಗ ಅಗ್ಗಕ್ಕೆ ಸಿಕ್ಕಿತೆಂದು ಇದನ್ನು ಹೊತ್ತು ತಂದವರು ಅವರೇ. ಯುಗಾದಿ ದಾಟಿದರೆ ಲಗ್ನಗಳು ಸಾಲುಗಟ್ಟುತ್ತವೆ. ನೀರು ಬಿಟ್ಟು ಬೆಳೆಸಿದ ಹುಲ್ಲು ಆಗಲೇ ಪಾದ ಮುಚ್ಚುತ್ತಿದೆ. ಕೈಯಿಂದ ತಳ್ಳುವ ಯಂತ್ರದಲ್ಲಿ ಇಷ್ಟು ಜಾಗ ಮುಗಿಸಲು ನನಗೇನು ತಲೆ ಕೆಟ್ಟಿದೆಯೇ?

ಬ್ಯಾಟರಿ ಚಾರ್ಜಿಗೆ ಹಾಕಿದ್ದು, ಎಂಜಿನ್ ಆಯಿಲ್ ಬದಲಿಸಿದ್ದು ವಿಡಿಯೊದಲ್ಲಿ ಕಾಣುತ್ತಲೇ ಇದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಆದರೆ ಫ್ಯಾನಿನ ಮುಚ್ಚಳದ ಕೆಳಗೆ ಇದನ್ನು ನೋಡಿ. ಇಲಿ ಸಂಸಾರ ಹೂಡಿದೆ! ಲಗ್ನಪತ್ರಿಕೆಯ ಚೂರು, ಹಾರದ ಜರಿ, ಒಣ ಹುಲ್ಲು, ಅಕ್ಷತೆಯ ನಾಲ್ಕು ಕಾಳು. ಒಂದು ಚೂರಿನಲ್ಲಿ ‘ಸುಮುಹೂರ್ತ’ ಎಂಬ ಅಕ್ಷರಗಳು ಹಾಗೇ ಉಳಿದಿವೆ. ನಗು ಬರುತ್ತದೆ ನಿಜ, ಆದರೆ ಇದು ಗಾಳಿಯಿಂದ ತಣ್ಣಗಾಗುವ ಎಂಜಿನ್. ಈ ಗೂಡು ಇದ್ದಂತೆಯೇ ಓಡಿಸಿದ್ದರೆ ಕಾದು ಜಾಮ್ ಆಗುತ್ತಿತ್ತು.

ಕಾಕಾ ಪಕ್ಕದಲ್ಲಿ ನಿಂತೇ ಕೀಲಿ ತಿರುಗಿಸಿದರು. ಸದ್ದೇ ಇಲ್ಲ. “ಬ್ಯಾಟರಿ ಹೋಯಿತು ತಂಗಿ, ಹೊಸದೇ ತರಬೇಕು” ಎಂದರು. “ಕಾಕಾ, ಮೇಲೆ ಕುಳಿತು ಬ್ರೇಕು ತುಳಿಯಿರಿ” ಎಂದೆ. ಬ್ರೇಕು ತುಳಿಯದೆ, ಬ್ಲೇಡಿನ ಗುಂಡಿ ಬಂದ್ ಆಗಿರದೆ ಈ ಗಾಡಿಯ ಸೆಲ್ಫ್ ತಿರುಗುವುದಿಲ್ಲ. ಬ್ಲೇಡು ತಿರುಗುವಾಗ ಸೀಟಿನಿಂದ ಎದ್ದರೂ ಎಂಜಿನ್ ತಾನೇ ನಿಂತುಬಿಡುತ್ತದೆ. ಕಾಲು ಉಳಿಯಲಿ ಎಂದೇ ಮಾಡಿದ ವ್ಯವಸ್ಥೆ. ಕುಳಿತರು, ತುಳಿದರು, ಸೆಲ್ಫ್ ತಿರುಗಿತು. ಎಂಜಿನ್ ಮಾತ್ರ ಹತ್ತಲಿಲ್ಲ.

ಪ್ಲಗ್ಗಿನಲ್ಲಿ ಕಿಡಿ ಇದೆ, ಹಾಗಾದರೆ ತೊಂದರೆ ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನದೇ. ಅದರ ತಳದ ಬಟ್ಟಲು ಬಿಚ್ಚಿದೆ. ತಡೆಯಿರಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಕೆಳಗೆ ನೀರಿನಂಥ ಒಂದು ಪದರ, ಅದರ ಮೇಲೆ ಹಳಸಿದ ಪೆಟ್ರೋಲು, ಅಂಚಿನಲ್ಲಿ ಬಿಳಿ ಪುಡಿ, ಪೆಟ್ರೋಲು ಹಾಯುವ ಸಣ್ಣ ಹಿತ್ತಾಳೆಯ ನಳಿಕೆ, ಅಂದರೆ ಜೆಟ್ಟಿನ ತೂತಿನಲ್ಲಿ ಹಸಿರು ಕಿಲುಬು. ಕಳೆದ ಸೀಸನ್ ಮುಗಿದಾಗ ಕಾಕಾ ಟ್ಯಾಂಕು ಭರ್ತಿ ಮಾಡಿ ಇಟ್ಟಿದ್ದರು, ಮುಂದಿನ ಸಲಕ್ಕೆ ಆದೀತೆಂದು. ಬಂಕುಗಳಲ್ಲಿ 2023ರಲ್ಲಿ ಬರತೊಡಗಿದ, ಕಬ್ಬಿನಂಥ ಬೆಳೆಯಿಂದ ಮಾಡುವ ಎಥನಾಲ್ ಶೇ. 20ರಷ್ಟು ಬೆರೆತ ಪೆಟ್ರೋಲೇ ಈಗ ಬಹುತೇಕ ಎಲ್ಲ ಕಡೆ ಸಿಗುವುದು. ಎಥನಾಲಿಗೆ ಗಾಳಿಯ ತೇವ ಹೀರುವ ಗುಣ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಎಂಜಿನ್ ಹೀರುವುದೂ ತಳದಿಂದಲೇ. ಬೆಳಗಾವಿಯ ಮಳೆಗಾಲದ ತೇವ ನಿಮಗೆ ಹೇಳಬೇಕೇ? ಬೀರುವಿನೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಇಂಥ ಸಣ್ಣ ಎಂಜಿನ್ನುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎಥನಾಲ್ ಶೇ. 10 ಮೀರಬಾರದು ಎಂದಿರುತ್ತದೆ. ಬಂಕಿನವರು ಕೈಪಿಡಿ ಓದಿ ಪೆಟ್ರೋಲು ಹಾಕುತ್ತಾರೆಯೇ?

ಈ ಎಥನಾಲೇ ದರಿದ್ರ ಎಂದು ಜೋರಾಗಿ ಬೈದೆ. ಕಾಕಾ ಕತ್ತು ಹೊರಳಿಸಿ ನೋಡಿದರು. ಅವರದು ಮೂಡಲಗಿ ಕಡೆ ಕಬ್ಬಿದೆ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕುಳಿತವರಲ್ಲಿ ಅವರೂ ಒಬ್ಬರು. ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ, ಎಥನಾಲ್ ಮಾರಿದರೆ ತಾನೇ ಕಾರ್ಖಾನೆಯವರಲ್ಲಿ ದುಡ್ಡು ಆಡುವುದು. ಹೋಗಲಿ, ಎಥನಾಲ್ ಒಳ್ಳೆಯದೇ. ನಮ್ಮ ಹೊಲದ ಕಬ್ಬೇ ನಮ್ಮ ಕಾರ್ಬ್ಯುರೇಟರಿಗೆ ಬಂದು ಕುಳಿತಿದೆ ಎಂದುಕೊಂಡೆ. ಆಮೇಲೆ ಹೊಸ ಕಾರ್ಬ್ಯುರೇಟರಿನ ಬೆಲೆ ಕೇಳಿದೆ, 6,500 ರೂಪಾಯಿ. ಒಳ್ಳೆಯದಲ್ಲ, ಖಂಡಿತ ಒಳ್ಳೆಯದಲ್ಲ!

ತಾಮ್ರದ ತಂತಿಯ ಒಂದು ಎಳೆ ತೆಗೆದು ಜೆಟ್ಟಿನ ತೂತು ಬಿಡಿಸಿದೆ. ಪಿನ್ನು ಹಾಕಬೇಡಿ, ತೂತು ದೊಡ್ಡದಾದರೆ ಪೆಟ್ರೋಲು ಕುಡಿಯತೊಡಗುತ್ತದೆ. ಮೆತ್ತಗಾಗಿ ಉಬ್ಬಿದ್ದ ರಬ್ಬರ್ ಪೈಪು ಬದಲಿಸಿ, ಗಾಳಿ ಹೊಡೆಸಿ, ಜೋಡಿಸಿದೆ. ಇನ್ನು ಮೇಲೆ ಸೀಸನ್ ಮುಗಿದ ಕೂಡಲೇ ಟ್ಯಾಂಕು ಖಾಲಿ ಮಾಡಿ, ಒಳಗೆ ಉಳಿದದ್ದೂ ಉರಿದು ಮುಗಿಯುವವರೆಗೆ ಎಂಜಿನ್ ಓಡಿಸಿಯೇ ಇಡುವುದು. ಕಾಕಾ ಒಪ್ಪಿದ್ದಾರೆ, ರೆಕಾರ್ಡ್ ಆಗಿದೆ.

ಬ್ಲೇಡು ತಿರುಗಿಸುವ ಬೆಲ್ಟು ಕೇಳಿದರೆ ಅಂಗಡಿಯವರು, “ಯಾವ ಗಿರಣಿಗೆ ಅಕ್ಕಾ?” ಎಂದರು. ಅಳತೆ ಹೊಂದಿತು, 380 ರೂಪಾಯಿ ಕೊಟ್ಟೆ. ಹಿಟ್ಟಿನ ಗಿರಣಿಯ ಬೆಲ್ಟು ಇಲ್ಲಿ ಬಹಳ ದಿನ ಬಾಳುವುದಿಲ್ಲ. ಈ ಗಾಡಿಯಲ್ಲಿ ಬೆಲ್ಟನ್ನು ಬಿಗಿ ಮಾಡಿ, ಸಡಿಲ ಬಿಟ್ಟೇ ಬ್ಲೇಡು ಓಡಿಸಿ ನಿಲ್ಲಿಸುವುದರಿಂದ ಉಜ್ಜಿ ಉಜ್ಜಿ ಸುಟ್ಟೀತು. ಈ ಸೀಸನ್ ದಾಟಿದರೆ ಸಾಕು. ಬ್ಲೇಡು ಮಾತ್ರ ಉದ್ಯಮಬಾಗದಲ್ಲಿ ಸಾಣೆ ಹಿಡಿಸಿದೆ. ಫೌಂಡ್ರಿ, ಲೇಥುಗಳ ಬೀದಿ ಅದು, ಕೆಲಸ ಹೇಳಿಕೊಡಬೇಕಾಗಿಲ್ಲ. ಬ್ಲೇಡಿನ ನಡುತೂತನ್ನು ಮೊಳೆಗೆ ಸಿಕ್ಕಿಸಿ ನೋಡಿದರು, ಒಂದು ಕಡೆ ವಾಲಿತು, ಆ ಕಡೆಯಿಂದ ಇನ್ನಷ್ಟು ಉಜ್ಜಿದರು. ತೂಕ ಸಮ ಇಲ್ಲದಿದ್ದರೆ ಇಡೀ ಗಾಡಿ ನಡುಗುತ್ತದೆ. ಅಲ್ಲಿ ಕುಡಿದ ಚಹಾ ಬಗ್ಗೆ ಹೇಳಬೇಕಿತ್ತು, ಆದರೆ ಶಾಟ್ ಮುಗಿಯಿತು.

ಕೇಳಿಸಿತೇ? ಹತ್ತಿತು! ಮೊದಲು ಬಿಳಿ ಹೊಗೆ, ಆಮೇಲೆ ಸರಿಹೋಯಿತು. ಹುಲ್ಲು ಉದ್ದವಾಗಿರುವುದರಿಂದ ಮೊದಲ ಸುತ್ತಿಗೆ ಬ್ಲೇಡು ಎತ್ತರದಲ್ಲೇ ಇರಲಿ. ಒಮ್ಮೆಲೇ ಬುಡಕ್ಕೆ ಕತ್ತರಿಸಿದರೆ ಈ ಬಿಸಿಲಿಗೆ ಹಳದಿಯಾಗುತ್ತದೆ, ಹುಡುಗಿಯ ಕಡೆಯವರು ಬಾಡಿಗೆಯಲ್ಲಿ ಕಡಿತ ಕೇಳುತ್ತಾರೆ. ಅಯ್ಯೋ, ಹಂದರದವರ ಟೆಂಪೊ ಒಳಗೆ ಬಂತು, ಕತ್ತರಿಸಿದ ಸಾಲಿನ ಮೇಲೆಯೇ ಬಂಬು ಇಳಿಸುತ್ತಿದ್ದಾರೆ. ಅಣ್ಣಾ, ಆ ಕಡೆ, ಆ ಕಡೆ ಇಳಿಸಿರಿ! ಎರಡನೆಯ ಸುತ್ತು ಮುಂದಿನ ವಿಡಿಯೊದಲ್ಲಿ.