ಭೂತವಿಲ್ಲದ ಭೂತಬಂಗಲೆ

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನಲ್ಲಿ 1961ರಲ್ಲಿ ಶುರುವಾದ ಪತ್ತೇದಾರಿ ಧಾರಾವಾಹಿ ‘ದಿ ಅವೆಂಜರ್ಸ್’. ಈಗಿನ ಮಕ್ಕಳು ಮುಗಿಬಿದ್ದು ನೋಡುವ ಸೂಪರ್‌ಹೀರೋಗಳ ಅವೆಂಜರ್ಸ್ ಬೇರೆ, ಇದು ಬೇರೆ. ಇಲ್ಲಿರುವುದು ಬೌಲರ್ ಹ್ಯಾಟು, ಕೈಯಲ್ಲೊಂದು ಕೊಡೆ ಹಿಡಿದ ಜಾನ್ ಸ್ಟೀಡ್. ಅವನ ಸರಿಸಮಕ್ಕೆ ನಿಲ್ಲುವ ಎಮ್ಮಾ ಪೀಲ್. ಕೊಲೆಗಾರರನ್ನು ಹಿಡಿಯುವಾಗಲೂ ತಮಾಷೆ ಬಿಡದ ಜೋಡಿ.

1966ರಲ್ಲಿ ಪ್ರಸಾರವಾದ ‘ದಿ ಹೌಸ್ ದಟ್ ಜ್ಯಾಕ್ ಬಿಲ್ಟ್’ ಎಂಬ ಕಂತಿನಲ್ಲಿ ಮಾತ್ರ ಆ ತಮಾಷೆ ಹೊಸಿಲಾಚೆಯೇ ಉಳಿದುಬಿಡುತ್ತದೆ. ಬರೆದವರು ಬ್ರಯಾನ್ ಕ್ಲೆಮೆನ್ಸ್.

ಜ್ಯಾಕ್ ಅಂಕಲ್ ಬಿಟ್ಟುಹೋದ ಮನೆ ನಿಮಗೆ ಸೇರಿದ್ದು ಎಂದು ಎಮ್ಮಾಗೆ ಬೀಗದ ಕೈ ಸಿಗುತ್ತದೆ. ಹೊರಗಿನಿಂದ ಹಳೇ ಬಂಗಲೆ. ಒಳಗೆ ಹೋದರೆ ಬರಿಗೋಡೆಯ ಓಣಿಗಳು, ಎಲ್ಲಿಂದಲೋ ಎಡೆಬಿಡದ ಗುಂಯ್‌ಗುಡುವ ಸದ್ದು. ಅವಳು ಒಂದು ಬಾಗಿಲು ತೆರೆದು ನಡೆಯುತ್ತಾಳೆ, ಬಿಟ್ಟುಬಂದ ಕೋಣೆಗೇ ಬಂದು ನಿಲ್ಲುತ್ತಾಳೆ. ಇನ್ನೊಂದು ಬಾಗಿಲು. ಮತ್ತೆ ಅದೇ ಕೋಣೆ. ಬಹಳ ಹೊತ್ತು ಮಾತೇ ಇಲ್ಲ. ಹೆಜ್ಜೆ ಸಪ್ಪಳ, ಆ ಗುಂಯ್, ಅಷ್ಟೇ. ಬಾನುಲಿಯಲ್ಲಿ ಕೆಲಸ ಮಾಡುವ ನಮಗೆ ಹೊಟ್ಟೆಕಿಚ್ಚು ಬರುವಂಥ ಶಬ್ದ!

ಆಮೇಲೊಂದು ಕೋಣೆ ಎದುರಾಗುತ್ತದೆ. ತುಂಬಾ ಅವಳವೇ ಫೋಟೋಗಳು, ಅವಳ ಬದುಕಿನದೇ ಪ್ರದರ್ಶನ. ಯಾರ ನೆನಪಿಗೆ? ‘ದಿವಂಗತ’ ಎಮ್ಮಾ ಪೀಲ್ ನೆನಪಿಗೆ. ಜೀವಂತ ನಿಂತವಳು ತನ್ನ ಹೆಸರಿನ ಹಿಂದೆ ಆ ಪದ ಓದಬೇಕು.

ಇದೆಲ್ಲ ಕೆಲ್ಲರ್ ಎಂಬ ಯಂತ್ರತಜ್ಞನ ಕೈವಾಡ. ಮನುಷ್ಯರ ಜಾಗದಲ್ಲಿ ಯಂತ್ರ ಕೂರಿಸಬೇಕೆಂದು ಹಟ ಹಿಡಿದವನನ್ನು, ಅಪ್ಪನ ಕಂಪನಿ ವಹಿಸಿಕೊಂಡಾಗ ಎಮ್ಮಾ ಕೆಲಸದಿಂದ ತೆಗೆದಿದ್ದಳು. ಅವಳಿಗೆ ಹುಚ್ಚು ಹಿಡಿಸಲೆಂದೇ ಅವನು ಕಟ್ಟಿಟ್ಟ ಮನೆಯಿದು. ಆದರೆ ಅವನನ್ನು ಹಿಡಿದು ಎರಡು ಬಿಗಿಯೋಣವೆಂದರೆ ಆಸಾಮಿ ಆಗಲೇ ಸತ್ತಿದ್ದಾನೆ, ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದಾನೆ. ಹಗೆ ತೀರಿಸಲು ಮನೆಯನ್ನು ಬಿಟ್ಟುಹೋಗಿದ್ದಾನೆ. ಬೈದರೆ ಕೇಳುವ ಕಿವಿಯೂ ಇಲ್ಲದ ಶತ್ರು. ನನಗಂತೂ ಯಾವ ಮೋಹಿನಿಗಿಂತಲೂ ಇದೇ ಹೆಚ್ಚು ಭಯ.

ಸ್ಟೀಡ್ ಓಡಿ ಬರುವಷ್ಟರಲ್ಲಿ ಎಮ್ಮಾ ತಾನೇ ತಲೆ ಓಡಿಸಿ ಮನೆಯನ್ನು ನಡೆಸುವ ಯಂತ್ರವನ್ನು ಕೆಡವಿರುತ್ತಾಳೆ. ಕಂತಿನ ಭಾರವೆಲ್ಲ ಹೊತ್ತವರು ಎಮ್ಮಾ ಪಾತ್ರದ ಡಯಾನಾ ರಿಗ್. ಬಾಲ್ಯವನ್ನು ನಮ್ಮ ಬಿಕಾನೇರಿನಲ್ಲಿ ಕಳೆದು, ಹಿಂದಿ ಕಲಿತಿದ್ದ ನಟಿ. ಇಷ್ಟೆಲ್ಲ ಮಾಡಿಯೂ ತಮಗಿಂತ ಕ್ಯಾಮೆರಾಮನ್ ಸಂಬಳವೇ ಜಾಸ್ತಿ ಎಂದು ಆಕೆಗೆ ತಿಳಿಯಿತು. ಹೆಚ್ಚು ಕೊಡಿ ಎಂದು ಪಟ್ಟು ಹಿಡಿದರು. ಪತ್ರಿಕೆಗಳು ದುರಾಸೆಯವಳೆಂದು ಬರೆದವು, ಸಂಬಳವಂತೂ ಏರಿತು.